ಕೆಳಗಿನ ಚಿಲಕ

ಕಾಸೀಮಸಾಬ ಹಾರಿಯ ತುದಿಯನ್ನು ಬಾಗಿಲ ಸಂದಿಗೆ ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಹಳೇ ತೇಗಿನ ಬಾಗಿಲು ಕಿರ್ರೆಂದಿತೇ ಹೊರತು ಜಗ್ಗಲಿಲ್ಲ. ಹಾರಿ ಕಿತ್ತು ಇನ್ನೊಂದು ಗೇಣು ಮೇಲೆ ತೂರಿಸಿದ.

"ಮ್ಯಾಲೆ ಅಲ್ಲೋ ಯಣ್ಣಾ, ಕೆಳಗ! ಕೆಳಗ ಹಾಕು!" ಎಂದು ಮೈಲಾರವ್ವ ಕೂಗಿದಳು.

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ವೃದ್ಧಾಶ್ರಮದ ಮ್ಯಾನೇಜರ ವೆಂಕಣ್ಣ ಕಂದೀಲು ಹಿಡಿದು ಪಕ್ಕದಲ್ಲೇ ನಿಂತಿದ್ದ. ಕಂದೀಲನ್ನು ಬಾಗಿಲ ಕಡೆಯಿಂದ ತಿರುಗಿಸಿ ಅವಳ ಮುಖಕ್ಕೆ ಹಿಡಿದ.

"ಕೆಳಗೇನದ? ಚಿಲಕಾ ಎಲ್ಲಾ ಹೋದ ವರ್ಷಽ ತಗಸೇವಲ್ಲ? ಮುದುಕಿ ಟ್ರಂಕು ಅಡ್ಡ ಎಳದಿಟ್ಟಿರಬೇಕು."

ಚಿಲಕ ಎಲ್ಲಿದೆ ಎನ್ನುವುದು ಕಾಸೀಮಸಾಬನಿಗೆ ಮೈಲಾರವ್ವನಿಗಿಂತ ಚೆನ್ನಾಗಿ ಗೊತ್ತಿತ್ತು. ನಾಲ್ಕು ಸ್ಕ್ರೂ ತಿರುವಿ ಅದನ್ನು ಕೂಡಿಸಿದವನೇ ಅವನು. ಆದರೆ ಮ್ಯಾನೇಜರು ಬೆನ್ನ ಹಿಂದೆ ನಿಂತಿರುವಾಗ ಬಡಗಿಯಾದವನು ನೆಟ್ಟಗೆ ಆ ಜಾಗಕ್ಕೇ ಹಾರಿ ಹಾಕಿದರೆ ಇಬ್ಬರ ಅನ್ನಕ್ಕೂ ಕಲ್ಲು ಬಿದ್ದ ಹಾಗೇ. ಅದಕ್ಕೇ ಪಾಪ, ಏನೂ ಅರಿಯದವನಂತೆ ಮೇಲೊಂದು ಸಲ, ನಡುವೊಂದು ಸಲ ಕಿತ್ತಾಡಿ ಬೆವರುತ್ತಿದ್ದ. ಹೀಗೆ ಹತ್ತು ಮಿನಿಟು ಹೋಯಿತು. ಅವನನ್ನು ಓಣಿಯಿಂದ ಎಬ್ಬಿಸಿ ಕರೆತರುವುದಕ್ಕೆ ಇಪ್ಪತ್ತು ಮಿನಿಟು ಆಗಲೇ ಹೋಗಿತ್ತು.

ಕೊನೆಗೆ ಅವನು ಕುಕ್ಕರಗಾಲಿನಲ್ಲಿ ಕೂತು ಮೊಣಕಾಲಿನ ಮಟ್ಟಕ್ಕೆ ಹಾರಿ ಕೊಟ್ಟ. ಒಂದೇ ಏಟು. ಸ್ಕ್ರೂ ಕಿತ್ತು ಚಿಲಕ ಟಣ್ಣೆಂದು ಒಳಗೆಲ್ಲೋ ಬಿತ್ತು. ಬಾಗಿಲು ತೆರೆಯಿತು.

ಮೊದಲು ಹೊರಗೆ ಬಂದದ್ದು ವಾಸನೆ. ಇದ್ದಿಲ ಬೂದಿಯದು, ಕರ್ಪೂರದ್ದು, ಅವೆರಡರ ಮೇಲೆ ಇನ್ನೊಂದು. ವೆಂಕಣ್ಣ ಮೂಗು ಅರಳಿಸಿದ್ದನ್ನು ಮೈಲಾರವ್ವ ನೋಡಿದಳು. ನೋಡಿಯೂ ಅವನನ್ನು ದಾಟಿ ಒಳಗೆ ಹೋದಳು.

ಮೂರು ವರ್ಷದಲ್ಲಿ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನರ್ಮದಾಬಾಯಿ ಮಡಿ ಹೆಂಗಸು. ಕೆಂಪು ಸೀರೆ, ಬೋಳು ತಲೆಯ ಮೇಲೆ ಎಳೆದ ಸೆರಗು. ಅವರ ನೆರಳು ಬಿದ್ದರೂ ಆಶ್ರಮದವರು ಸರಿದು ನಿಲ್ಲುತ್ತಿದ್ದರು. ಈಗ ಅವರು ಚಾಪೆಯ ಮೇಲೆ ಬಾಗಿಲ ಕಡೆಗೆ ಹೊರಳಿ ಮಲಗಿದ್ದರು. ಬಲಗೈ ಚಾಪೆಯಿಂದ ಹೊರಗೆ ಚಾಚಿತ್ತು. ಚಿಲಕ ಇದ್ದ ಜಾಗಕ್ಕೂ ಆ ಬೆರಳಿಗೂ ನಡುವೆ ಒಂದು ಮೊಳ ಇದ್ದೀತು. ಕಣ್ಣು ಅರೆ ತೆರೆದಿದ್ದವು.

ಮೈಲಾರವ್ವ ಪಾದ ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು.

"ಅದಾರೇನು?" ಎಂದು ವೆಂಕಣ್ಣ ಹೊರಗಿನಿಂದ ಕೇಳಿದ.

"ಇಲ್ರಿ."

ಬೆಚ್ಚಗಿದ್ದ ಸುದ್ದಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಅಳು ಬರಲಿಲ್ಲ. ಬರಬೇಕಿತ್ತು ಅಂತ ಅನ್ನಿಸಿತು, ಅಷ್ಟೇ. ಎದ್ದು ಹೊರಗೆ ಬಂದು, ಗೋಡೆಗೆ ಆನಿಸಿಟ್ಟಿದ್ದ ಕಸಬರಿಗೆ ತೆಗೆದುಕೊಂಡು, ಅರ್ಧ ಗುಡಿಸಿದ್ದ ಅಂಗಳವನ್ನು ಪೂರ್ತಿ ಗುಡಿಸಿ ಮುಗಿಸಿದಳು. ಮಾಡಲಿಕ್ಕೆ ಬೇರೇನೂ ಹೊಳೆಯಲಿಲ್ಲ.

ಆ ಕಸಬರಿಗೆಯ ಹಿಡಿಯಿಂದಲೇ ಅವಳು ದಿನಾ ಬೆಳಗ್ಗೆ ಐದಕ್ಕೆ ಆ ಬಾಗಿಲಿಗೆ ಎರಡು ಸಲ ಕುಟ್ಟುತ್ತಿದ್ದಳು. ಒಳಗಿನಿಂದ ಹಿತ್ತಾಳೆಯ ತಂಬಿಗೆ ಒಂದು ಸಲ ಟಣ್ ಅನ್ನಬೇಕು. ಅದು ಇಬ್ಬರ ಕರಾರು. ಇವತ್ತು ಎರಡು ಸಲ ಕುಟ್ಟಿದಳು, ನಾಲ್ಕು ಸಲ ಕುಟ್ಟಿದಳು, ತಂಬಿಗೆ ಮಾತಾಡಲಿಲ್ಲ.

*

ಕುಂದಗೋಳದ ಸ್ಟೇಶನ್ನಿನ ಆಚೆ ಅದೊಂದು ಹತ್ತಿಯ ಗೋದಾಮು. ಬರಗಾಲದ ವರ್ಷ ಅಲ್ಲಿ ಗಂಜಿ ಕಾಯಿಸಿ ಹಂಚಿದ್ದರು. ಬರ ಹೋದ ಮೇಲೆ ಗಂಜಿ ಹಂಚಿದ ಕಮೀಟಿಯವರೇ ಒಳಗೆ ಅಡ್ಡಗೋಡೆ ಎಬ್ಬಿಸಿ, ಹತ್ತು ಖೋಲಿ ಮಾಡಿ, ವೃದ್ಧಾಶ್ರಮ ಅಂತ ಬೋರ್ಡು ಬರೆಸಿದರು. ಊರವರು ಮಾತ್ರ ಮುದುಕರ ಗೋದಾಮು ಅಂತಲೇ ಅನ್ನುತ್ತಿದ್ದರು. ಅಡ್ಡಗೋಡೆಗಳು ಮೇಲಿನ ತಗಡಿನ ತನಕ ಮುಟ್ಟಿರಲಿಲ್ಲ. ಒಂದು ಖೋಲಿಯಲ್ಲಿ ಕೆಮ್ಮಿದರೆ ನಾಲ್ಕನೆಯ ಖೋಲಿಯಲ್ಲಿ ಯಾರೋ ಬೈಯುತ್ತಿದ್ದರು.

ನರ್ಮದಾಬಾಯಿಯನ್ನು ಅಲ್ಲಿಗೆ ತಂದು ಬಿಟ್ಟವನು ಅಣ್ಣನ ಮಗ ಏಕನಾಥ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕಾರಕೂನ. ನವಲಗುಂದದ ಮನೆ ಪಾಲಾಗಿ ಮಾರಿಹೋದ ಮೇಲೆ ಅತ್ತೆಯನ್ನು ತನ್ನ ಒಂದೂವರೆ ಖೋಲಿಯ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡು ನೋಡಿದ. ಆರು ಜನರ ನಡುವೆ ಮಡಿ ನಡೆಯಲಿಲ್ಲ. ಕೆಟ್ಟವನೇನಲ್ಲ. ಇಲ್ಲಿ ಅವರಿಗೆಂದೇ ಬೇರೆ ಖೋಲಿ, ಅಡಿಗೆಗೆ ಬೇರೆ ಇದ್ದಿಲ ಶಿಗಡಿ, ನೀರಿಗೆ ಬೇರೆ ಕೊಡ ಅಂತ ಗೊತ್ತು ಮಾಡಿಸಿ, ಖೋಲಿಯನ್ನು ತಾನೇ ತೊಳೆದು ಕೊಟ್ಟು ಹೋಗಿದ್ದ.

ಬಂದು ಒಂದು ತಿಂಗಳಾಗಿರಬೇಕು. ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಮೈಲಾರವ್ವ ಮಧ್ಯಾಹ್ನದ ಬುತ್ತಿ ಬಿಚ್ಚಿ ಕೂತಿದ್ದಳು. ಅವಳು ಆಶ್ರಮದ ಆಯಾ. ಗಂಡ ಎಂಟು ತಿಂಗಳು ಕುರಿಗಳ ಹಿಂದೆ, ನಾಲ್ಕು ತಿಂಗಳು ಮನೆಯಲ್ಲಿ. ರೊಟ್ಟಿ, ಶೇಂಗಾದ ಹಿಂಡಿ. ಒಂದು ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಧಪ್ಪನೆ ಗುದ್ದಿದಳು. ತಲೆ ಎತ್ತಿದರೆ ನರ್ಮದಾಬಾಯಿ ನಿಂತು ನೋಡುತ್ತಿದ್ದಾರೆ.

"ಮೈಲಾರವ್ವಾ, ಅದು ಹ್ಯಾಂಗಿರತದ?"

"ಯಾವದ್ರಿ ಬಾಯಾರ?"

"ಅದಽ. ಉಳ್ಳಾಗಡ್ಡಿ."

ಚೇಷ್ಟೆ ಮಾಡುತ್ತಿದ್ದಾರೋ ಏನೋ ಅಂತ ಮೈಲಾರವ್ವ ಅವರ ಮುಖ ನೋಡಿದಳು. "ನಿಮ್ಮ ಮನ್ಯಾಗ ತಿನ್ನಾಂಗಿಲ್ಲೇನ್ರಿ?"

"ಎಲ್ಲಾರೂ ತಿಂತಿದ್ರು. ನಾ ತಿನ್ನೂ ಹಂಗಿಲ್ಲ. ನನಗ ಇಪ್ಪತ್ತೊಂದಕ್ಕ ಅವರು ಹೋದ್ರು, ಅವತ್ತಿಗೆ ಬಿಡಿಸಿದ್ರು. ಮುಂದ ನಲವತ್ತೈದು ವರ್ಷ ಅಣ್ಣನ ಮಕ್ಕಳಿಗೆ ಸಂಜೀ ಭಜಿಗೆ ಹೆಚ್ಚಿ ಕೊಟ್ಟೇನಿ. ಕಣ್ಣಾಗ ನೀರು ಬಂದಾವ, ಬಾಯಿಗೆ ಮಾತ್ರ ಬರಲಿಲ್ಲ."

ಇಷ್ಟು ಹೇಳಿ ನಿಂತೇ ಇದ್ದರು. ಹೋಗಲಿಲ್ಲ. ಮೈಲಾರವ್ವ ಅತ್ತ ಇತ್ತ ನೋಡಿ, ಇನ್ನೊಂದು ಉಳ್ಳಾಗಡ್ಡಿಯನ್ನು ಮುಟ್ಟದ ಹಾಗೆ ಮೇಲಿನಿಂದ ಅವರ ಸೆರಗಿನಲ್ಲಿ ಬಿಟ್ಟಳು. "ಹೆಚ್ಚಬ್ಯಾಡ್ರಿ. ಹೆಚ್ಚಿದ್ರ ಖಾರ ಹತ್ತತೈತಿ. ಗುದ್ರಿ."

ನರ್ಮದಾಬಾಯಿ ಖೋಲಿಗೆ ಹೋಗಿ ಚಿಲಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಗುದ್ದಿನ ಸಪ್ಪಳ. ಮರುದಿನ ನೀರು ಇಡಲು ಹೋದಾಗ ಮೈಲಾರವ್ವ ಕಣ್ಣಿನಲ್ಲೇ ಕೇಳಿದಳು.

"ಇಷ್ಟಽ ಏನು, ಅನಸ್ತು," ಎಂದರು ನರ್ಮದಾಬಾಯಿ. ಮುಖ ಗಂಟು ಹಾಕಿಯೇ ಅಂದರು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಅದ ಏನು?"

ಅಂದಿನಿಂದ ಅದು ನಡೆಯಿತು. ಸಂತೆಯ ದಿನ ಮೈಲಾರವ್ವ ತನ್ನ ಮನೆಗೆ ಕೊಳ್ಳುವಾಗ ಎಂಟು ಹೆಚ್ಚಿಗೆ ಕೊಳ್ಳುವಳು. ನರ್ಮದಾಬಾಯಿ ಅವನ್ನು ಟ್ರಂಕಿನೊಳಗೆ ಮಡಿ ಸೀರೆಯಲ್ಲಿ ಸುತ್ತಿ ಬೀಗ ಹಾಕುವರು. ಸಿಪ್ಪೆಯನ್ನು ಬೆಳಗ್ಗೆ ಕಾಗದದಲ್ಲಿ ಸುತ್ತಿ ಹೊಸ್ತಿಲಿಗಿಟ್ಟರೆ ಮೈಲಾರವ್ವ ಮಡಿಲಿಗೆ ಹಾಕಿಕೊಂಡು ಹೋಗಿ ಬೇಲಿಯಾಚೆ ಚೆಲ್ಲುವಳು. ಆದರೆ ನರ್ಮದಾಬಾಯಿ ಹೊಸ್ತಿಲು ಮಾತ್ರ ದಾಟಗೊಡಲಿಲ್ಲ. ಒಮ್ಮೆ ಮೈಲಾರವ್ವ ಮರೆತು ಒಳಗೆ ಕಾಲಿಡಲು ಹೋದಾಗ, "ಹಾಂ, ಹಾಂ, ಅಲ್ಲೇ!" ಎಂದು ಗದರಿದರು.

"ಉಳ್ಳಾಗಡ್ಡಿ ನಡೀತೈತಿ, ನಾ ನಡ್ಯಾಂಗಿಲ್ಲೇನ್ರಿ?"

"ಉಳ್ಳಾಗಡ್ಡಿ ಬ್ಯಾರೆ, ಮಡಿ ಬ್ಯಾರೆ," ಎಂದರು ನರ್ಮದಾಬಾಯಿ. ಇದಕ್ಕೇನು ಹೇಳುತ್ತೀರಿ? ಮೈಲಾರವ್ವ ನಕ್ಕುಬಿಟ್ಟಳು.

*

ಏಕನಾಥ ಹತ್ತು ಗಂಟೆಯ ಗಾಡಿಗೆ ಇಳಿದು ಬಂದ. ಸ್ಟೇಶನ್ ಮಾಸ್ತರರು ಹುಬ್ಬಳ್ಳಿಗೆ ಫೋನು ಮಾಡಿ ತಿಳಿಸಿದ್ದರು. ಬಂದವನು ಕಟ್ಟೆಯ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಸರಕಾರಿ ದವಾಖಾನೆಯ ಡಾಕ್ಟರು ಬಂದು, ಎದೆ ನಿಂತು ಹೋಗಿದೆ, ಬೆಳಗಿನ ಜಾವ ಆಗಿರಬೇಕು ಎಂದು ಬರೆದುಕೊಟ್ಟು ಹೋಗಿದ್ದರು. ಊರಿನಿಂದ ಭಟ್ಟರು ಬಂದರು, ಹೊರುವುದಕ್ಕೆ ನಾಲ್ವರು ಬಂದರು, ಹೆಣಕ್ಕೆ ನೀರು ಹಾಕಲು ಕಮೀಟಿ ಅಧ್ಯಕ್ಷರ ಹೆಂಡತಿ ಲೀಲಾಬಾಯಿ ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಆಶ್ರಮದ ಮುದುಕ ಮುದುಕಿಯರು ತಮ್ಮ ತಮ್ಮ ಬಾಗಿಲಲ್ಲಿ ಕೂತು ನೋಡುತ್ತಿದ್ದರು.

"ಬಂಗಾರದಂಥ ಮನಶಾಳು," ಎಂದ ಏಕನಾಥ, ಯಾರಿಗೆ ಅಂತಲ್ಲದೆ. "ನಮ್ಮನ್ನ ಸಾಕಿದಾಕಿ ಆಕಿನಽ. ಸಾಲಿ ಬಿಟ್ಟು ಬಂದ ಕೂಡಲೆ ಬಿಸಿಬಿಸಿ ಉಳ್ಳಾಗಡ್ಡಿ ಭಜಿ. ಮಾಡಾಕಿ, ಆದ್ರ ಬಾಯಾಗ ಹಾಕೋತಿದ್ದಿಲ್ಲ. ದೂರ ಕೂತು ನನ್ನ ಕೇಳತಿದ್ಲು, ಏಕೂ, ಉಪ್ಪು ಸರಿ ಅದ ಏನೋ? ಗರಿಗರಿ ಆಗ್ಯಾವೇನೋ? ಉಪ್ಪು ನೋಡೂದು ನಂದಽ ಕೆಲಸ ಇತ್ತು."

ಭಟ್ಟರು ತಲೆದೂಗಿದರು. "ಅಂಥಾ ಮಡಿ ಈಗ ಯಾರು ಮಾಡತಾರ?"

ಮೈಲಾರವ್ವ ಬಾವಿಯಿಂದ ನೀರು ಸೇದಿ ಸೇದಿ ಹೊಸ್ತಿಲ ತನಕ ತಂದಿಡುತ್ತಿದ್ದಳು. ಕೈ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಮಾತ್ರ ಒಂದೇ ಒಂದು ವಸ್ತು ಕೂತಿತ್ತು. ಟ್ರಂಕು. ಹೋದ ಸಂತೆಯ ಎಂಟರಲ್ಲಿ ಮೂರಾದರೂ ಅದರೊಳಗಿರಬೇಕು. ಕೀಲಿ ನರ್ಮದಾಬಾಯಿಯ ಕೊರಳಲ್ಲಿ, ತುಳಸಿ ಸರದ ಜೊತೆಗಿತ್ತು. ಅದನ್ನು ಬಿಚ್ಚಿ ಲೀಲಾಬಾಯಿ ಏಕನಾಥನಿಗೆ ಕೊಟ್ಟದ್ದನ್ನು, ಅವನು ಜನಿವಾರಕ್ಕೆ ಕಟ್ಟಿಕೊಂಡದ್ದನ್ನು ಮೈಲಾರವ್ವ ಕೊಡ ಹಿಡಿದು ನಿಂತಲ್ಲೇ ನೋಡಿದಳು. ಅವನು ಟ್ರಂಕು ತೆರೆದರೆ ಮುಗಿಯಿತು. ಬಂಗಾರದಂಥ ಮನುಷ್ಯಳು ಅಂದ ಅದೇ ಬಾಯಿ ಆಮೇಲೆ ಏನಂದೀತು? ಸತ್ತವರಿಗೆ ತಿರುಗಿ ಜವಾಬು ಕೊಡಲಿಕ್ಕೆ ಬರುವುದಿಲ್ಲ. ನಗೆಯಾಡುವುದಕ್ಕೆ ಮಾತ್ರ ಊರಿಗೆಲ್ಲ ಬಾಯಿದೆ.

ಆದರೆ ಟ್ರಂಕಿಗಿಂತ ಮೊದಲು ಬೇರೆಯದೇ ಹೊರಬಿತ್ತು.

"ಅಯ್ಯ ರಾಮಾ! ಇದೇನಿದು?" ಲೀಲಾಬಾಯಿ ಒಳಗಿನಿಂದ ಕೂಗಿದರು. ಎರಡು ಬೆರಳಲ್ಲಿ ಒಂದು ಕಾಗದದ ಪೊಟ್ಟಣ ಹಿಡಿದು ಹೊರಗೆ ಬಂದರು. ಪೊಟ್ಟಣ ಬಿಚ್ಚಿ ಕೆಂಪು ಸಿಪ್ಪೆ ಅಂಗಳದ ತುಂಬ ಹಾರಿದವು. "ಉಳ್ಳಾಗಡ್ಡಿ ಸಿಪ್ಪಿ! ಮಡಿ ಹೆಂಗಸಿನ ಖೋಲ್ಯಾಗ!"

ನಿನ್ನೆಯ ಸಿಪ್ಪೆ. ಬೆಳಗ್ಗೆ ಒಯ್ಯಬೇಕಾದದ್ದು.

"ಅದಕ್ಕಽ ಮುಂಜಾನೆ ವಾಸನಿ ಬಂತು ನನಗ," ಎಂದ ವೆಂಕಣ್ಣ. ಅವನ ಕೈಯಲ್ಲಿ ಕಿತ್ತುಬಂದ ಚಿಲಕ ಇತ್ತು. ಬೆಳಗಿನಿಂದ ಹಿಡಿದುಕೊಂಡೇ ತಿರುಗುತ್ತಿದ್ದ. "ಮ್ಯಾಲೆ ಇದು ನೋಡ್ರಿ. ಕಮೀಟಿ ತಗಿಸಿದ ಚಿಲಕಾ ತಿರುಗಿ ಯಾರು ಹಾಕಿಸಿದ್ರು? ಅದೂ ಇಷ್ಟು ಕೆಳಗ, ನಾಯಿಗೆ ಎಟಕೂ ಹಂಗ? ಇದು ಇರಲಿಲ್ಲಂದ್ರ ಮುದುಕಿ ಇವತ್ತು ಉಳೀತಿದ್ಲೋ ಏನೋ."

ಅಂಗಳದ ಮೂಲೆಯಲ್ಲಿ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ ಕಾಸೀಮಸಾಬ ಕೊಡಲಿ ಕೆಳಗಿಟ್ಟ. ಅವನು ಬಾಯಿ ತೆರೆಯುತ್ತಾನೆ ಅಂತ ಮೈಲಾರವ್ವನಿಗೆ ಗೊತ್ತಾಯಿತು. ಏಕನಾಥ ಸಿಪ್ಪೆಯ ಕಡೆ ನೋಡುತ್ತಿದ್ದ. ಅವನ ಹುಬ್ಬು ಗಂಟಾಗುತ್ತಿತ್ತು.

"ನಾನಽ ರೀ," ಎಂದಳು ಮೈಲಾರವ್ವ. ತನ್ನ ದನಿ ತನಗೇ ಬೇರೆಯವರದ್ದರ ಹಾಗೆ ಕೇಳಿಸಿತು. "ಚಿಲಕಾ ನಾ ಹಾಕಿಸೇನಿ. ಮಧ್ಯಾಹ್ನ ಬಾಯಾರು ಬಾವಿಕಟ್ಟಿಗೆ ಜಪಕ್ಕ ಕುಂತಾಗ ನಾ ಒಳಗ ಹೋಗಿ ಬುತ್ತಿ ಉಣ್ಣತಿದ್ದೆ. ಹೊರಗ ಬಿಸಲು. ಯಾರೂ ನೋಡಬಾರದಂತ ಚಿಲಕಾ."

"ಮಡಿ ಖೋಲ್ಯಾಗ? ಉಳ್ಳಾಗಡ್ಡಿ ತಗೊಂಡು?" ಲೀಲಾಬಾಯಿಯ ದನಿ ಏರಿತು.

"ಹೌದ್ರಿ."

"ನಿನಗೇನು ಬುದ್ಧಿ ಗಿದ್ಧಿ ಅದನೋ ಇಲ್ಲೋ?" ಏಕನಾಥ ಎದ್ದು ನಿಂತ. "ಆಕಿ ಆಯುಷ್ಯ ಪೂರಾ ಒಂದು ನೇಮ ಹಿಡಕೊಂಡು ಬದುಕಿದಾಕಿ. ಕಡೀಗೆ ಇಲ್ಲೆ ಬಂದು, ನೀ... ಛೇ!"

ಪಕ್ಕದ ಖೋಲಿಯ ಬಾಗಿಲಲ್ಲಿ ಕೂತಿದ್ದ ಸಾವಂತ್ರೆವ್ವ ಗಂಟಲು ಸರಿ ಮಾಡಿಕೊಂಡಳು. ಒಕ್ಕಲುತನದ ಮನೆಯ ಮುದುಕಿ. ಮೂರು ವರ್ಷದಿಂದ ಅಡ್ಡಗೋಡೆಯ ಮೇಲಿಂದ ಬರುವ ವಾಸನೆ ಕುಡಿಯುತ್ತ, ದಿನಾ ಮಧ್ಯಾಹ್ನ ಬೀಳುವ ಒಂದು ಗುದ್ದನ್ನು ಕೇಳುತ್ತ ಬಂದವಳು. ಅವಳ ಬಾಯಿಗೆ ಆಶ್ರಮವೇ ಹೆದರುತ್ತಿತ್ತು.

"ಬರೇ ಅಕಿನ್ನ ಯಾಕ ಬೈತೀರೋ ಯಪ್ಪಾ? ನಾನೂ ಕೂಡಿ ತಿಂದೇನಿ," ಎಂದಳು ಸಾವಂತ್ರೆವ್ವ. "ಉಳ್ಳಾಗಡ್ಡಿ ನಂದು, ರೊಟ್ಟಿ ಅಕಿದು. ಆ ಬಾಯಿಗೆ ಏನ ಗೊತ್ತು ಪಾಪ, ಜಪದಾಗ ಇರತಿದ್ಲು. ಏನ ಮಾಡತೀರಿ? ನನ್ನ ಹೊರಗ ಹಾಕತೀರೇನು? ಹಾಕ್ರಿ, ಎಲ್ಲಿಗೆ ಹೋಗಲಿ ಅನ್ನೂದನ್ನೂ ನೀವಽ ಹೇಳ್ರಿ."

ಭಟ್ಟರು ಹೊತ್ತಾಗುತ್ತದೆ ಎಂದರು. ಖೋಲಿಗೂ ಹೆಣಕ್ಕೂ ಗೋಮೂತ್ರ ಚಿಮುಕಿಸಿದರು. ವೆಂಕಣ್ಣ ಮೈಲಾರವ್ವನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸುವ ಹಾಗೆಯೇ, "ಇವತ್ತು ಸಂಜೀತನಕಾ ಕೆಲಸ ಮುಗಿಸು. ನಾಳಿಂದ ಬರಬ್ಯಾಡ," ಎಂದ.

"ಹೂನ್ರಿ," ಎಂದಳು. ಬೈಸಿಕೊಂಡದ್ದಾಗಲಿ, ಕೆಲಸ ಹೋದದ್ದಾಗಲಿ ಅವಳಿಗೆ ತಾಕಲೇ ಇಲ್ಲ. ಅಂಗೈಯಲ್ಲಿ ಮಾತ್ರ ಆ ಪಾದದ ಬಿಸಿ ಇನ್ನೂ ಇತ್ತು. ಕೊಡ ಎತ್ತಿಕೊಂಡು ಬಾವಿಗೆ ಹೋದಳು.

*

ಚಿಲಕ ಹೋದದ್ದು ಹನಮಂತಪ್ಪ ಬಿದ್ದ ವರ್ಷ. ಮೂರನೆಯ ಖೋಲಿಯ ಹನಮಂತಪ್ಪ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದ್ದ. ಬೆಳಗ್ಗೆ ಎದ್ದು ಕಾಲು ಜಾರಿ ಬಿದ್ದವನು ಮಧ್ಯಾಹ್ನದ ತನಕ ಬಿದ್ದಲ್ಲೇ ಇದ್ದ. ನಿದ್ದೆ ಮಾಡುತ್ತಿರಬೇಕು ಅಂತ ಯಾರೂ ಎಬ್ಬಿಸಲಿಲ್ಲ. ಎಂಟು ದಿನಕ್ಕೆ ತೀರಿಕೊಂಡ. ಕಮೀಟಿಯವರು ಕೂತು ಠರಾವು ಮಾಡಿದರು: ಇನ್ನು ಮೇಲೆ ಯಾವ ಖೋಲಿಗೂ ಒಳಚಿಲಕ ಬೇಡ, ದಿನಕ್ಕೆ ನಾಲ್ಕು ಸಲ ಮ್ಯಾನೇಜರು ಬಾಗಿಲು ತೆರೆದು ನೋಡಿ ಬರೆದಿಡಬೇಕು. ತಪ್ಪೇನಿಲ್ಲ, ಸುರಕ್ಷಿತ ಇರಲಿ ಅಂತಲೇ ಮಾಡಿದ್ದು. ಕಾಸೀಮಸಾಬ ಹತ್ತೂ ಚಿಲಕ ಕಿತ್ತು ಚೀಲಕ್ಕೆ ಹಾಕಿಕೊಂಡು ಹೋದ.

ವೆಂಕಣ್ಣ ಮುತುವರ್ಜಿಯ ಮನುಷ್ಯ. ಕೆಮ್ಮುವುದು, ಕರೆಯುವುದು ಏನೂ ಇಲ್ಲ. ದಬಕ್ಕನೆ ಬಾಗಿಲು ನೂಕಿ ಕಣ್ಣಾಡಿಸಿ ಬರೆದುಕೊಂಡು ಹೋಗುತ್ತಿದ್ದ. ಸಾವಂತ್ರೆವ್ವ ಕುಪ್ಪಸ ಬದಲಿಸುವಾಗ ಒಮ್ಮೆ ನೂಕಿದ. "ಬಾರೋ ಯಪ್ಪಾ, ಗುಂಡಿ ಹಾಕಿ ಹೋಗು!" ಎಂದು ಅವಳು ಬೊಬ್ಬೆ ಹೊಡೆದದ್ದು ಸ್ಟೇಶನ್ನಿಗೆ ಕೇಳಿಸಿತಂತೆ. ಬಚ್ಚಲಿಗೂ ಚಿಲಕ ಇರಲಿಲ್ಲ. ಅವಳು ಮೈ ತೊಳೆಯುವಾಗ ಬೀಸುವ ಪದ ಹೇಳುತ್ತಿದ್ದಳು, ಗಟ್ಟಿಯಾಗಿ. ಹಾಡು ಕೇಳುವ ತನಕ ಯಾರೂ ಬರಕೂಡದು. ಹಾಡು ನಿಂತಿತೆಂದರೆ ತಾನು ಬಿದ್ದಿದ್ದೇನೆ, ಓಡಿ ಬರಬೇಕು. ಇದು ಅವಳೇ ಮಾಡಿದ ಠರಾವು.

ನರ್ಮದಾಬಾಯಿ ಗಲಾಟೆ ಮಾಡಲಿಲ್ಲ. ಉಳ್ಳಾಗಡ್ಡಿ ಬೇಡ ಎಂದರು. ಆಮೇಲೆ ಅನ್ನವೂ ಅರ್ಧವಾಯಿತು. ಶಿಗಡಿ ಹೊತ್ತಿಸದ ದಿನಗಳೂ ಬಂದವು. ಗೋಡೆಗೆ ಒರಗಿ, ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದರು.

"ಹಿಂಗ ಉಪಾಸ ಬಿದ್ರ ಹೆಂಗ್ರಿ ಬಾಯಾರ?" ಎಂದು ಮೈಲಾರವ್ವ ಹೊಸ್ತಿಲಾಚೆ ಕೂತು ಕೇಳಿದಳು.

"ಹಸಿವಿ ಇಲ್ಲ." ಬಾಗಿಲಿನಿಂದ ಕಣ್ಣು ತೆಗೆಯದೆ ಹೇಳಿದರು: "ಅಣ್ಣನ ಮನ್ಯಾಗ ಅಡಿಗಿಮನ್ಯಾಗ ಮಲಗತಿದ್ದೆ. ಅದಕ್ಕ ಬಾಗಲಾ ಇದ್ದಿದ್ದಿಲ್ಲ. ಅದಕ್ಕೂ ಮೊದಲು ಅತ್ತೀಮನಿ. ಅಲ್ಲೆ ಕೇಳೂದಽ ಬ್ಯಾಡ. ಮೈಲಾರವ್ವಾ, ಈ ಆಯುಷ್ಯದಾಗ ನನಗ ಚಿಲಕಾ ಅಂತ ಸಿಕ್ಕದ್ದು ಇಲ್ಲೆ. ಎರಡು ವರ್ಷ."

ಮೈಲಾರವ್ವ ಅವತ್ತು ಸಂಜೆಯೇ ಕಾಸೀಮಸಾಬನ ಮನೆಗೆ ಹೋದಳು. ಅವನು ಆಗುವುದಿಲ್ಲ ಎಂದ. "ಮತ್ತೊಂದು ಹನಮಂತಪ್ಪ ಆದ್ರ ನನ್ನ ಕೊರಳಿಗೆ ಬರತೈತಿ ಬೇ." ಒಂದು ಬೀಡಿ ಸೇದಿ ಮುಗಿಸುವ ತನಕ ವಿಚಾರ ಮಾಡಿದ. "ಬಿದ್ರೂ ಕೈಗೆ ಎಟಕೂ ಹಂಗ ಹಾಕಿದ್ರ?"

ವೆಂಕಣ್ಣ ಹುಬ್ಬಳ್ಳಿಗೆ ಹೋದ ದಿನ ಅವನು ಬಂದ. ಹೊಸ್ತಿಲಾಚೆ ನಿಂತು, ಅಮ್ಮಾ, ನೆಲದ ಮ್ಯಾಲೆ ಮಲಗಿ ಕೈ ಚಾಚ್ರಿ ಎಂದ. ನರ್ಮದಾಬಾಯಿ ನಾಚಿಕೊಂಡರು. ಆಮೇಲೆ ಸೆರಗು ಬಿಗಿದುಕೊಂಡು, ಎಪ್ಪತ್ತರ ಮುದುಕಿ, ಬರಿನೆಲದ ಮೇಲೆ ಅಂಗಾತ ಮಲಗಿ ಕೈ ಮೇಲಕ್ಕೆ ಚಾಚಿದರು. ಕಾಸೀಮಸಾಬ ಕಿವಿಯಿಂದ ಪೆನ್ಸಿಲು ತೆಗೆದು ಬೆರಳಿನ ತುದಿ ಮುಟ್ಟಿದಲ್ಲಿ ಬಾಗಿಲ ಒಳಮೈಗೆ ಗೆರೆ ಎಳೆದ.

"ಇಲ್ಲಿಗೆ ಸಿಗತದ ನೋಡು," ಎಂದು ಮಲಗಿದ್ದಲ್ಲಿಂದಲೇ ನರ್ಮದಾಬಾಯಿ ಮೈಲಾರವ್ವನ ಕಡೆ ನೋಡಿ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ಅವಳು ನೋಡಿದ್ದು ಅದೊಂದೇ ಸಲ. ತಂಬಿಗೆಯ ಕರಾರು ಆದದ್ದೂ ಅವತ್ತೇ. ವೆಂಕಣ್ಣ ಬಂದು ಬಾಗಿಲು ನೂಕಿ, ತೆರೆಯಲಿಲ್ಲ ಅಂತ ನಿಂತರೆ ಮೈಲಾರವ್ವ ಎಲ್ಲಿದ್ದರೂ ಓಡಿ ಬಂದು ಹೇಳುವಳು: "ನೂಕಬ್ಯಾಡ್ರಿ, ಒಳಗ ಮಡಿ ಐತ್ರಿ. ನಾ ನೋಡೇನಿ, ಅದಾರ, ಬರಕೋರಿ." ಮಡಿ ಅಂದರೆ ವೆಂಕಣ್ಣನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ; ಟ್ರಂಕು ಅಡ್ಡ ಇದೆ ಅಂದುಕೊಂಡು ಬರೆದುಕೊಳ್ಳುತ್ತಿದ್ದ.

*

ಮೂರು ಗಂಟೆಗೆ ಹೆಣ ಎತ್ತಿದರು. ಹೆಂಗಸರು ಗೇಟಿನ ತನಕ ಹೋಗಿ ನಿಂತರು. ಸಾವಂತ್ರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನ ಮಧ್ಯಾಹ್ನ ಆತೋ ಇಲ್ಲೋ ನನಗ ಹೆಂಗ ತಿಳೀತೈತಿ?" ಎಂದಳು. "ಆ ಗುದ್ದು ಬಿದ್ದ ಮ್ಯಾಲೆ ನಾನು ತಾಟು ಹಿಡೀತಿದ್ದೆ."

ಕಾಸೀಮಸಾಬ ಹಿಂದೆ ಉಳಿದಿದ್ದ. ಮುರಿದ ಬಾಗಿಲ ಚೌಕಟ್ಟಿಗೆ ಪಟ್ಟಿ ಬಡಿಯುತ್ತಿದ್ದ. ಮೈಲಾರವ್ವ ಒಳಗೆ ಸೆಗಣಿ ಸಾರಿಸುತ್ತಿದ್ದಳು.

"ಮೈಲಾರವ್ವಾ," ಎಂದ ಅವನು, ಅವಳ ಕಡೆ ನೋಡದೆ. "ಹಾರಿ ಮೊದಲಽ ಕೆಳಗ ಹಾಕಿದ್ದರ?"

ಅವಳ ಕೈ ನಿಂತಿತು. ಹೌದು ಅನ್ನಬಹುದಿತ್ತು. ಬೆಚ್ಚಗಿತ್ತೋ ಯಣ್ಣಾ ಅನ್ನಬಹುದಿತ್ತು.

"ತಣ್ಣಗಾಗಿದ್ರು," ಎಂದಳು. "ಯಾವಾಗೋ ಹೋಗಿದ್ರು. ನೀ ಮೊಳಿ ಬಡಿ."

ಅವನು ಬಡಿದ. ಮುಗಿಸಿ, ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ. ಬೆರಳಿಗೂ ಚಿಲಕಕ್ಕೂ ನಡುವಿನ ಆ ಒಂದು ಮೊಳದ ಲೆಕ್ಕ ಮೈಲಾರವ್ವನ ಹತ್ತಿರವೇ ಉಳಿಯಿತು. ಎಟಕಲಿಲ್ಲವೋ, ತೆರೆಯಬೇಕು ಅಂತ ಅನ್ನಿಸಲೇ ಇಲ್ಲವೋ. ಇನ್ನು ಯಾರನ್ನು ಕೇಳುವುದು?

ಸಾರಿಸುತ್ತ ಸಾರಿಸುತ್ತ ಟ್ರಂಕಿನ ಹತ್ತಿರ ಬಂದಳು. ಬೀಗ ಎಳೆದು ನೋಡಿದಳು. ನಾಚಿಕೆಯಾಗಿ ಕೈ ಬಿಟ್ಟಳು.

ಸೂರ್ಯ ಮುಳುಗುವ ಹೊತ್ತಿಗೆ ಏಕನಾಥ ಒಬ್ಬನೇ ಬಂದ. ಕೆರೆಯಲ್ಲಿ ಮುಳುಗಿದ ಒದ್ದೆ ಪಂಚೆ ಮೈಮೇಲೇ ಒಣಗುತ್ತಿತ್ತು. ತಲೆ ಬೋಳಿಸಿದ್ದರಿಂದ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಹೆಣ ಇದ್ದ ಜಾಗದಲ್ಲಿ ಹಣತೆ ಹಚ್ಚಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟ. ನಾಳೆಗೆ ಅತ್ತೆಯ ಜಪಮಾಲೆ ಬೇಕು ಎಂದು ಭಟ್ಟರು ಹೇಳಿದ್ದರಂತೆ. ಜನಿವಾರದಿಂದ ಕೀಲಿ ಬಿಚ್ಚಿದ.

ಮೈಲಾರವ್ವ ಹೊಸ್ತಿಲಾಚೆ ನಿಂತಿದ್ದಳು. ಬೀಗ ಬಿಚ್ಚಿದ್ದು ಕೇಳಿಸಿತು. ಮುಚ್ಚಳ ಎತ್ತಿದ್ದು ಕೇಳಿಸಿತು. ಎರಡು ಕೆಂಪು ಸೀರೆ ತೆಗೆದು ಪಕ್ಕಕ್ಕಿಟ್ಟ. ಮೂರನೆಯದು ಗಂಟು ಕಟ್ಟಿತ್ತು. ತೊಡೆಯ ಮೇಲಿಟ್ಟುಕೊಂಡು ಗಂಟು ಬಿಚ್ಚಿದ.

ಮೂರು ಉಳ್ಳಾಗಡ್ಡಿ. ಒಂದಕ್ಕೆ ಟ್ರಂಕಿನ ಕತ್ತಲಲ್ಲೇ ಬೆರಳುದ್ದ ಹಸಿರು ಮೊಳಕೆ ಬಂದಿತ್ತು.

ಅವನು ಬಹಳ ಹೊತ್ತು ಅವನ್ನು ನೋಡಿದ. ಬೀಗ ಹಾಕಿದ ಟ್ರಂಕಿನೊಳಗೆ, ಮಡಿ ಸೀರೆಯ ಗಂಟಿನೊಳಗೆ, ಆಯಾ ಬುತ್ತಿ ಉಣ್ಣುವುದಿಲ್ಲ. ಅಷ್ಟು ತಿಳಿಯಲಾರದ ದಡ್ಡ ಅವನಲ್ಲ.

"ಎಷ್ಟು ದಿನದಿಂದ?" ಎಂದ. ಒಂದನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ಕೇಳಿದ. "ಎಷ್ಟು ದಿನದಿಂದ ತಿಂತಿದ್ಲು?"

"ನಾನಽ ತಿಂತಿದ್ದೆ ರೀ," ಎಂದಳು ಮೈಲಾರವ್ವ. "ಮುಂಜಾನೆ ಹೇಳಿದ್ನೆಲ್ರಿ."

ಏಕನಾಥ ತಲೆ ಎತ್ತಿ ಅವಳನ್ನು ನೋಡಿದ. ಅವಳು ನೆಲ ನೋಡಿದಳು.

"ಹೂಂ," ಎಂದ. "ಬಾಗಲಾ ಮುಂದ ಮಾಡು."

ಅವಳು ಬಾಗಿಲು ಎಳೆದುಕೊಂಡಳು. ಎಳೆಯುವಾಗ ಒಳಮೈ ಕಂಡಿತು: ಚಿಲಕ ಕಿತ್ತ ಜಾಗದಲ್ಲಿ ನಾಲ್ಕು ತೂತು, ಅವುಗಳ ನಡುವೆ ಪೆನ್ಸಿಲಿನ ಗೆರೆ. ಒಳಗೆ ಟ್ರಂಕು ನೆಲ ಕೆರೆಯುತ್ತ ಬಂದು ಬಾಗಿಲಿಗೆ ಒತ್ತಿ ನಿಂತಿತು. ಆಮೇಲೆ ಒಂದು ಗುದ್ದು. ಅಭ್ಯಾಸವಿಲ್ಲದ ಕೈ; ಸರಿಯಾಗಿ ಬೀಳಲಿಲ್ಲ. ಎರಡನೆಯದು ಬಿತ್ತು.

ಬಾಜೂ ಖೋಲಿಯಲ್ಲಿ ಸಾವಂತ್ರೆವ್ವನ ತಾಟು ಸಪ್ಪಳ ಮಾಡಿತು. ಬಾಗಿಲ ಕೆಳಗಿನ ಸಂದಿಯಿಂದ ವಾಸನೆ ಬಂತು. ಅದರ ಹಿಂದೆಯೇ ಒಳಗಿನಿಂದ ಏಕನಾಥನ ದನಿ, ತಗ್ಗಿದ್ದು, ಬಾಯಿ ತುಂಬಿದ್ದು: "ಸರಿ ಅದ ಅತ್ಯಾ. ಉಪ್ಪು ಬೇಕಾಗಿಲ್ಲ."

ಪಡಸಾಲೆಯ ಆ ತುದಿಯಿಂದ ಕಂದೀಲು ಬರುತ್ತಿತ್ತು. ವೆಂಕಣ್ಣ ಸಂಜೆಯ ಪಾಳಿ ಮುಗಿಸುತ್ತ, ಒಂದೊಂದೇ ಬಾಗಿಲು ನೂಕಿ ನೋಡಿ ಬರೆದುಕೊಳ್ಳುತ್ತ ಬಂದ. ಈ ಬಾಗಿಲಿಗೂ ಕೈ ಚಾಚಿದ.

"ನೂಕಬ್ಯಾಡ್ರಿ," ಎಂದಳು ಮೈಲಾರವ್ವ. "ಒಳಗ ಮಡಿ ಐತ್ರಿ."

ವೆಂಕಣ್ಣನ ಮೂಗು ಅರಳಿತು. ಏನೋ ಅನ್ನಲು ಬಾಯಿ ತೆರೆದ. ಮೈಲಾರವ್ವ ಸೀರೆ ಮುದುಡಿಕೊಂಡು ಕೆಳಗೆ ಕೂತು, ಒಳಗಿನ ಪೆನ್ಸಿಲಿನ ಗೆರೆಯ ನೇರಕ್ಕೆ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕಾಲನ್ನು ಅಂಗಳದ ಕಡೆ ಚಾಚಿದಳು.